ಏಳನೆಯ ಸಾಲು

ಆ ಊರು ಎಲ್ಲಿದೆ ಎಂದು ಕೇಳಿದರೆ ಎಲ್ಲರೂ ಪಕ್ಕದೂರಿನ ಕಡೆ ಬೆರಳು ತೋರಿಸುತ್ತಾರೆ. ಪಕ್ಕದೂರಿಗೆ ಹೋಗಿ ಕೇಳಿದರೆ ಅವರು ಅದರಾಚೆಯ ಊರನ್ನು ತೋರಿಸುತ್ತಾರೆ. ಹಾಗಾಗಿ ಹುಡುಕಿಕೊಂಡು ಹೋಗುವ ಉಸಾಬರಿ ಬೇಡ, ಕೂತಲ್ಲೇ ಕೇಳಿ.

ಆ ಊರಲ್ಲಿ ಹೆಣ್ಣಿಗೆ ಹದಿನೆಂಟು ತುಂಬಿದರೆ ಒಂದು ತಾಳೆಗರಿ ಬರುತ್ತಿತ್ತು. ಒಂದು ಗರಿ, ಏಳು ಸಾಲು. ಅವಳ ಮುಂದಿನ ಬದುಕೆಲ್ಲ ಆ ಏಳು ಸಾಲಿನಲ್ಲಿ. ಬರೆಯುವಯ್ಯ ಬರೆಯುತ್ತಿದ್ದ, ಓದುವಯ್ಯ ಊರ ನಡುವಿನ ಕಥೆಕಟ್ಟೆಯ ಮೇಲೆ ಕೂತು ಓದುತ್ತಿದ್ದ, ಓದಿದ್ದು ನಡೆಯುತ್ತಿತ್ತು. ಗರಿಯಿಂದ ಓದದೇ ಇದ್ದದ್ದು ನಡೆಯುತ್ತಿರಲಿಲ್ಲ. ಇಷ್ಟೇ ಕಟ್ಟಳೆ. ಗಂಡಸರಿಗೆ ಗರಿ ಇರಲಿಲ್ಲ. ಗಂಡಸು ಏನು ಬೇಕಾದರೂ ಆಗಬಹುದು, ಅಷ್ಟೆಲ್ಲ ಬರೆಯುವುದಕ್ಕೆ ಗರಿಯಲ್ಲಿ ಜಾಗವೆಲ್ಲಿ ಎಂದು ಬರೆಯುವಯ್ಯ ನಗುತ್ತಿದ್ದ. ಹೆಣ್ಣಿಗಾದರೆ ಅಷ್ಟು ಜಾಗ ಧಾರಾಳವಾಯಿತು.

ಏಕೆಂದರೆ ಗರಿಗಳು ಮೂರೇ ಬಗೆ. ತಾಳುವವಳ ಗರಿ, ಕಾಯುವವಳ ಗರಿ, ಬಾವಿಯ ಗರಿ. ತಾಳುವವಳು ಎಲ್ಲರನ್ನೂ ಕ್ಷಮಿಸುತ್ತ ಒಲೆಯ ಮುಂದೆ ಮುದುಕಿಯಾಗುತ್ತಿದ್ದಳು. ಕಾಯುವವಳು ಹೋದವನ ದಾರಿ ನೋಡುತ್ತ ಹೊಸ್ತಿಲಲ್ಲೇ ಮುದುಕಿಯಾಗುತ್ತಿದ್ದಳು. ಈ ಎರಡು ಗರಿ ಓದಿದ ದಿನ ಜನ 'ಪಾಪ, ಒಳ್ಳೆಯವಳು' ಎಂದು ಎದ್ದು ಊಟಕ್ಕೆ ಹೋಗುತ್ತಿದ್ದರು. ಬಾವಿಯ ಗರಿ ಹಾಗಲ್ಲ. ಅದು ಐದಾರು ವರ್ಷಕ್ಕೊಮ್ಮೆ ಬರುತ್ತಿತ್ತು. ಜೋರಾಗಿ ನಕ್ಕವಳಿಗೆ, ಎದುರು ಮಾತಾಡಿದವಳಿಗೆ, ಬೇಕಾದವನನ್ನು ಬೇಕು ಅಂದವಳಿಗೆ. ಆರು ಸಾಲು ಅವಳ ಚೆಲುವು, ಅವಳ ಚುರುಕು, ಅವಳ ಕಣ್ಣು. ಏಳನೆಯ ಸಾಲಿನಲ್ಲಿ ಅವಳು ಅರಿಶಿನದ ಸೀರೆಯುಟ್ಟು ಕಟ್ಟೆಯ ಹಿಂದಿನ ಬಾವಿಗೆ ಹೋಗುತ್ತಿದ್ದಳು. ಆಗ ಜನ ಅಳುತ್ತಿದ್ದರು. ಗಂಡಸರೂ ಹೆಗಲ ವಸ್ತ್ರದಲ್ಲಿ ಕಣ್ಣೊರೆಸಿಕೊಂಡು 'ಎಂಥಾ ಗರಿ ಬರೆದ ಪುಣ್ಯಾತ್ಮ' ಅನ್ನುತ್ತಿದ್ದರು. ಆ ದಿನ ಬರೆಯುವಯ್ಯನ ಮನೆಗೆ ಊರಿನ ಎಲ್ಲಾ ಮನೆಯಿಂದ ಪಾಯಸ ಹೋಗುತ್ತಿತ್ತು.

ಇಷ್ಟೆಲ್ಲ ನಡೆಯುವುದಕ್ಕೆ ಒಬ್ಬ ಹೆಂಗಸು ಬೇಕಿತ್ತು. ತಾಳೆಗರಿಯ ಮೇಲೆ ಉಕ್ಕಿನ ಮೊನೆಯಿಂದ ಕೊರೆದ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ಗರಿಯ ಬಣ್ಣವೇ ಗೀರಿನ ಬಣ್ಣ. ಹರಳೆಣ್ಣೆ ದೀಪದ ಮೇಲೆ ಮಡಕೆಯ ಚೂರು ಬೋರಲು ಹಿಡಿದು ಕಾಡಿಗೆ ಕಟ್ಟಿಸಬೇಕು, ಅದನ್ನು ಗರುಗದ ಸೊಪ್ಪಿನ ರಸದಲ್ಲಿ ಕಲಸಬೇಕು, ಬೆರಳಿನಿಂದ ಗರಿಯ ತುಂಬ ತೀಡಬೇಕು, ಒಣಗುವ ಮೊದಲೇ ಹಳೇ ಸೀರೆಯ ಬಟ್ಟೆಯಿಂದ ಒರೆಸಿಬಿಡಬೇಕು. ಮೇಲಿನ ಮಸಿ ಬಟ್ಟೆಗೆ ಬರುತ್ತದೆ, ಗೀರಿನೊಳಗಿನದು ಉಳಿಯುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಕೈ ಹೊಲಸಾಗುವ ಕೆಲಸವಾದ್ದರಿಂದ ಅದು ಹೆಂಗಸಿಗೆ ಬಿಟ್ಟದ್ದು. ಬರೆಯುವಯ್ಯನಾಗಲಿ ಓದುವಯ್ಯನಾಗಲಿ ಅದನ್ನು ಮಾಡುವುದನ್ನು ಒಂದು ದಿನವೂ ಕೂತು ನೋಡಿದವರಲ್ಲ. ತಾಯಿಯಿಂದ ಮಗಳಿಗೆ ಬರುತ್ತಿದ್ದ ಕೆಲಸ ಅದು. ಈಗ ಮಾಡುತ್ತಿದ್ದವಳನ್ನು ಊರು ಮಸಿಯವ್ವ ಎಂದು ಕರೆಯುತ್ತಿತ್ತು. ಬೇರೆ ಹೆಸರು ಇದ್ದಿರಬೇಕು, ಅವಳಿಗೇ ಮರೆತಿತ್ತು.

ಮಸಿಯವ್ವನಿಗೆ ಅಕ್ಷರ ಬಾರದು. ಬರಕೂಡದು ಎಂಬುದೂ ಕಟ್ಟಳೆಯೇ. ಕಣ್ಣಿಗೆ ಕಲಿಸದಿದ್ದರೆ ಆಯಿತೇ, ಬೆರಳು ಸುಮ್ಮನಿರುತ್ತದೆಯೇ? ಬಾವಿಯ ಸಾಲು ಬರೆಯುವಾಗ ಬರೆಯುವಯ್ಯನ ಕೈ ಒತ್ತುತ್ತಿತ್ತು. ಉಳಿದ ಸಾಲುಗಳು ಬೆಕ್ಕು ಪರಚಿದ ಹಾಗೆ ತೆಳ್ಳಗೆ, ಅದೊಂದು ಮಾತ್ರ ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಸಲ ಅವಳ ಬೆರಳು ಆ ಆಳಕ್ಕೆ ಇಳಿದಿತ್ತು. ನಾಲ್ಕು ಸಲವೂ ಓದಿದ ದಿನ ಬಾವಿ ಬಂದಿತ್ತು. ಮೊದಲನೆಯದು ಅವಳ ಗೆಳತಿಯದೇ ಗರಿ, ಜೊತೆಯಲ್ಲಿ ಕುಂಟೆಬಿಲ್ಲೆ ಆಡಿದವಳದು. ಅವತ್ತು ಓದುವಯ್ಯ 'ಮಸಿ ಚೆನ್ನಾಗಿ ತೀಡಿದ್ದೀಯ' ಎಂದು ಹೊಗಳಿದ್ದ. ಆ ಹೊಗಳಿಕೆ ಅವಳಿಗೆ ಇನ್ನೂ ಮರೆತಿರಲಿಲ್ಲ.

ಆದರೂ ಅವಳು ಮಾಡಿಕೊಂಡು ಬಂದಳು. ಬರೆದದ್ದು ತಾನಲ್ಲ, ಓದಿದ್ದು ತಾನಲ್ಲ, ನಡುವೆ ಕೈ ಕಪ್ಪು ಮಾಡಿಕೊಂಡವಳು ಮಾತ್ರ ತಾನು ಎಂದು ಸಮಾಧಾನ ಹೇಳಿಕೊಂಡಳು. ಓದು ಮುಗಿದ ಕೂಡಲೇ ಮಸಿಯವ್ವ ಹಿಂದೆ ತಿರುಗಿ ನೋಡದೆ ಮನೆಗೆ ಹೋಗಿ ಕೈ ತೊಳೆಯಬೇಕೆಂಬ ರೂಢಿ ಇತ್ತು. ಹೀಗಾಗಿ ಬಾವಿಯ ಹತ್ತಿರ ನಡೆಯುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಹುಡುಗಿಯರು ತಾವಾಗಿಯೇ ಹೋಗುತ್ತಾರೆ, ಬರಹ ಅವರನ್ನು ಎಳೆದುಕೊಂಡು ಹೋಗುತ್ತದೆ ಎಂದೇ ನಂಬಿದ್ದಳು.

ಅವಳಿಗೊಬ್ಬಳು ಮಗಳು. ಗಂಡ, ಮಸಿಯವ್ವನ ಗರಿಯಲ್ಲಿ ಮೂರನೇ ಸಾಲಿಗೇ ತೀರಿಹೋಗಿದ್ದ. ಮಗಳು ನಾಲ್ಕು ವರ್ಷದವಳಿದ್ದಾಗ ಕಥೆಕಟ್ಟೆಯ ಕೆಳಗೆ ತಾಯಿಯ ತೊಡೆಯ ಮೇಲೆ ಕೂತು ಒಂದು ಕಾಯುವವಳ ಗರಿ ಕೇಳಿದಳು. ಕಾದು ಕಾದು ಅವಳು ಸತ್ತಳು ಎಂದು ಓದುವಯ್ಯ ಮುಗಿಸಿದಾಗ ಮಗು ಎಲ್ಲರಿಗೂ ಕೇಳುವ ಹಾಗೆ ಕೇಳಿತು: "ಆಮೇಲೆ?"

ಆ ಊರಲ್ಲಿ ಏಳನೆಯ ಸಾಲಾದ ಮೇಲೆ ಯಾರೂ ಹಾಗೆ ಕೇಳಿದ್ದಿಲ್ಲ. ಕಟ್ಟೆಯ ಮುಂದೆ ಕೂತವರೆಲ್ಲ ಒಮ್ಮೆಗೇ ತಿರುಗಿ ನೋಡಿದರು. ಮಸಿಯವ್ವ ಮಗುವಿನ ಬಾಯಿ ಮುಚ್ಚಿದಳು. ತುಟಿಯ ಸುತ್ತ ಮಸಿ ಮೆತ್ತಿಕೊಂಡಿತು. ಕೈ ತೆಗೆದ ಕೂಡಲೇ ಮಗು ಮತ್ತೆ ಕೇಳಿತು. ಬೆಳೆದ ಮೇಲೂ ಆ ಚಾಳಿ ಬಿಡಲಿಲ್ಲ.

"ನಿನ್ನ ಬಾಯೇ ನಿನಗೆ ಮಾರಿ ಕಣೆ," ಎಂದು ತಾಯಿ ಬೈಯುತ್ತಿದ್ದಳು.

"ಕಥೆ ಅಂದ್ಮೇಲೆ ಆಮೇಲೆ ಏನಾಯ್ತು ಅಂತ ಕೇಳ್ಬಾರ್ದೇನವ್ವ? ಅದಕ್ಕೇ ತಾನೆ ಕಥೆ ಕೇಳೋದು?" ಎಂದು ಮಗಳು ನಗುತ್ತಿದ್ದಳು. ಜೋರಾಗಿಯೇ ನಗುತ್ತಿದ್ದಳು, ಬೀದಿಗೆಲ್ಲ ಕೇಳುವ ಹಾಗೆ.

ಅವಳಿಗೆ ಹದಿನೆಂಟು ತುಂಬಿದ ವಾರ ಬರೆಯುವಯ್ಯ ತಾನೇ ಗರಿ ಹಿಡಿದುಕೊಂಡು ಮಸಿಯವ್ವನ ಬಾಗಿಲಿಗೆ ಬಂದ. ಮೆತ್ತಗಿನ ಮಾತಿನ, ಒಳ್ಳೆಯ ಮುಖದ ಮನುಷ್ಯ. ಅವನ ಕಣ್ಣು ಕೆಂಪಾಗಿತ್ತು. ಗರಿ ತೆಗೆದುಕೊಳ್ಳುವಾಗ ಮಸಿಯವ್ವನ ಹೆಬ್ಬೆರಳು ಕೆಳಗಿನ ಅಂಚಿಗೆ ತಾಗಿತು, ಉಗುರು ಸಿಕ್ಕಿಕೊಂಡಿತು.

"ಅಯ್ಯಾ, ಇವಳಿಗೆ ತಾಳೋ ಗರಿ ಕೊಡಿ. ನನ್ನಂಗೆ ಇದ್ಕೊಂಡು ಹೋಗ್ಲಿ," ಎಂದಳು.

ಬರೆಯುವಯ್ಯ ನಿಟ್ಟುಸಿರು ಬಿಟ್ಟ. "ನಾನೂ ಹಾಗೇ ಅಂದ್ಕೊಂಡೇ ಕೂತೆ ಕಣಮ್ಮ. ಆರು ಸಾಲು ಬರೆಯುವಷ್ಟರಲ್ಲಿ ಎಷ್ಟು ಮುದ್ದಾಗಿ ಬಂದಳು ಗೊತ್ತಾ? ಕೊನೆಗೆ ನನ್ನ ಕಣ್ಣಲ್ಲೇ ನೀರು. ಅದು ನಾನು ಮಾಡಿದ್ದಲ್ಲ. ಅವಳೇ ನಡೆದುಕೊಂಡು ಹೋದಳು, ನಾನು ಹಿಂದಿನಿಂದ ಬರೆದುಕೊಂಡು ಹೋದೆ."

"ನನ್ನ ಮಗಳು ನೆನ್ನೆ ಬೆಳಗಿಂದ ಸಂಜೆಗಂಟ ರಾಗಿ ಬೀಸ್ತಿದ್ಲು ಅಯ್ಯಾ. ಎಲ್ಲಿಗೂ ನಡ್ಕೊಂಡು ಹೋಗ್ಲಿಲ್ಲ."

"ನಿನಗೆ ಇದೆಲ್ಲ ಅರ್ಥವಾಗಲ್ಲ. ನಿನ್ನ ಗರಿ ಯಾರಿಗಾದರೂ ನೆನಪಿದೆಯಾ? ತಾಳಿದಳು, ತಾಳಿದಳು, ತಾಳಿದಳು. ಓದುವಾಗ ಓದುವಯ್ಯನೇ ಆಕಳಿಸಿದ. ನಿನ್ನ ಮಗಳನ್ನು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ನೆನೆದು ಅಳುತ್ತಾರೆ."

"ಅಳೋರು ಬ್ಯಾಡ ಅಯ್ಯಾ. ಅವಳು ಇದ್ರೆ ಸಾಕು."

"ಅದು ಕಥೆಯಾಗಲ್ಲಮ್ಮ," ಎಂದು ಅವನು ಕನಿಕರದಿಂದ ಹೇಳಿ ಹೊರಟುಹೋದ.

ಮಗಳಿಗೆ ಅವಳು ಏನೂ ಹೇಳಲಿಲ್ಲ. ಮಾರನೆಯ ದಿನ ಹಿತ್ತಲಲ್ಲಿ ಕೂತು ಮಸಿ ತೀಡಿದಳು. ಮೊದಲ ಆರು ಸಾಲನ್ನು ತೀಡಿ, ಒರೆಸಿ, ಬಿಸಿಲಿಗೆ ಹಿಡಿದು ನೋಡಿದಳು. ಅಕ್ಷರ ಇರುವೆ ಸಾಲಿನ ಹಾಗೆ ಎದ್ದು ನಿಂತಿತ್ತು. ಏಳನೆಯ ಸಾಲನ್ನು ಮುಟ್ಟಲಿಲ್ಲ. ಅದು ಗರಿಯ ಬಣ್ಣದಲ್ಲೇ ಗರಿಯೊಳಗೆ ಅಡಗಿಕೊಂಡಿತು. ಇಷ್ಟು ವರ್ಷದಲ್ಲಿ ಕೆಲಸ ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು.

ಓದುವ ದಿನ ಊರೆಲ್ಲ ಕಟ್ಟೆಯ ಮುಂದೆ ಸೇರಿತು. ನಡುಮಧ್ಯಾಹ್ನದ ಬಿಸಿಲು. ಓದುವಯ್ಯ ಮಗಳ ಚೆಲುವು ಓದಿದ, ಚುರುಕು ಓದಿದ, ಅವಳ ನಗುವಿಗೆ ಹಕ್ಕಿಗಳು ತಿರುಗಿ ನೋಡುತ್ತಿದ್ದವು ಎಂದು ಓದಿದ. ಜನ ಹೆಗಲ ವಸ್ತ್ರ ಕೈಗೆ ತೆಗೆದುಕೊಂಡು ಕಾದರು. ಓದುವಯ್ಯ ನಿಂತ. ಗರಿಯನ್ನು ಹತ್ತಿರ ಹಿಡಿದ, ದೂರ ಹಿಡಿದ, ತಿರುಗಿಸಿದ.

"ಆರೇ ಸಾಲು," ಎಂದ.

ಬರೆಯುವಯ್ಯ ಗರಿ ಕಿತ್ತುಕೊಂಡು ಕೆಳಗಿನ ಅಂಚಿನ ಮೇಲೆ ಬೆರಳಾಡಿಸಿದ. ಮಸಿಯವ್ವನ ಕಡೆ ತಿರುಗಿದ. "ಇದಕ್ಕೆ ಮಸಿ ಬಿದ್ದಿಲ್ಲ. ಈಗಲೇ ತೀಡು," ಎಂದ.

"ಮಸಿ ತೀರೈತೆ ಅಯ್ಯಾ. ಹೊಸದು ಕಟ್ಟಕ್ಕೆ ಮೂರು ದಿನ ಬೇಕು."

ಅದು ಒಂದು ಮಧ್ಯಾಹ್ನದ ಕೆಲಸ. ಆದರೆ ಅದು ಅಲ್ಲಿದ್ದ ಯಾವ ಗಂಡಸಿಗೂ ಗೊತ್ತಿರಲಿಲ್ಲ. ಬರೆಯುವಯ್ಯ ತಾಯಿಯನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಅವನ ಮುಖ ತಿಳಿಯಾಯಿತು, ಏನೋ ಹೊಳೆದವನ ಹಾಗೆ. "ಆಗಲಿ, ಮೂರು ದಿನ," ಎಂದ. ಅವನ ಸಿಟ್ಟಿಗಿಂತ ಆ ತಿಳಿಮುಖಕ್ಕೇ ಮಸಿಯವ್ವ ಹೆಚ್ಚು ಹೆದರಿದಳು.

ಅವತ್ತು ಅವಳು ಕೈ ತೊಳೆಯುವುದಕ್ಕೆ ಓಡಲಿಲ್ಲ. ಜನ ಚದುರಿದ ಮೇಲೆ ಕಟ್ಟೆಯ ಹಿಂದಕ್ಕೆ ಹೋದಳು. ಬಾವಿಯ ಹತ್ತಿರ ಏಳೆಂಟು ಹೆಂಗಸರು ನಿಂತಿದ್ದರು. ಎಲ್ಲರೂ ಗೊತ್ತಿದ್ದವರೇ. ನಡುವೆ ಹಿರಿಯಕ್ಕ, ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದವಳು, ಮಗಳನ್ನು ಮೊದಲು ಕೈಯಲ್ಲಿ ಎತ್ತಿಕೊಂಡವಳು. ಅವಳ ಮುಂಗೈ ಮೇಲೆ ಹೊಸ ಅರಿಶಿನದ ಸೀರೆ ಇತ್ತು.

"ನೀವ್ಯಾಕೆ ಇಲ್ಲಿ ಹಿರಿಯಕ್ಕ?"

"ಪ್ರತಿ ಸಲ ನಾವೇ ಅಲ್ವಾ. ಸೀರೆಗೆ ಅರಿಶಿನ ಅದ್ದಬೇಕಲ್ಲ ಅಂತ ಬರೆಯುವಯ್ಯ ಮೊದಲೇ ಹೇಳಿ ಕಳಿಸ್ತಾರೆ."

"ಹುಡುಗೀರು ತಾವೇ ಹೋಗ್ತಾರೆ ಅಂದ್ಕೊಂಡಿದ್ದೆ."

"ತಾವೇ ಹೋಗ್ತಾರೆ ಕಣವ್ವ, ನಾವ್ಯಾಕೆ ನೂಕಾನ? ಸೀರೆ ಉಡಿಸಿ ಸುತ್ತ ನಿಲ್ತೀವಿ. ಒಂದೊಂದೇ ಹೆಜ್ಜೆ ಹತ್ರ ಬರ್ತೀವಿ. ಬಾವಿ ಕಡೆ ಮಾತ್ರ ಜಾಗ ಬಿಟ್ಟಿರ್ತೀವಿ, ಅಷ್ಟೇಯ." ಹಿರಿಯಕ್ಕ ಸೀರೆಯ ಮಡಿಕೆ ಸರಿಮಾಡಿದಳು. "ನಿನ್ನ ಗೆಳತಿ ಬಾಳ ಹೊತ್ತು ನಿಂತಿದ್ಲು. ನಿನ್ನ ಹೆಸರು ಹಿಡಿದು ಕೂಗಿದ್ಲು."

"ಯಾವ ಹೆಸರು?"

"ನಿನ್ನ ಹೆಸರು ಕಣೆ. ಏನೋ ಇತ್ತಲ್ಲ... ಮರೆತೋಯ್ತು."

ಮಸಿಯವ್ವ ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದಳು. ಬೆರಳಿಗೆ ಗೊತ್ತಾಗುವುದನ್ನು ಹೇಳಿದಳು, ಗೆಳತಿಯ ಗರಿ ಹೇಳಿದಳು, ಬಾವಿಯ ಸುತ್ತ ನಿಲ್ಲುವವರನ್ನು ಹೇಳಿದಳು, ಗೆಳತಿ ಕೂಗಿದ್ದನ್ನು ಹೇಳಿದಳು. ಮಗಳು ಮೊಣಕಾಲು ಅಪ್ಪಿಕೊಂಡು ಕೇಳಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಆಮೇಲೆ?" ಎಂದಳು.

"ಆಮೇಲೆ ನಾನು ಕೈ ತೊಳ್ಕೊಂಡೆ ಕಣವ್ವ."

ಮಗಳು ತಾಯಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಒಂದೊಂದೇ ಬೆರಳನ್ನು ಮುಟ್ಟಿ ನೋಡಿದಳು. "ಮಸಿ ಕಲಸೋದು ಹೆಂಗೆ, ತೀಡೋದು ಹೆಂಗೆ, ಎಲ್ಲ ತೋರಿಸವ್ವ," ಎಂದಳು. ಆ ಮೂರು ದಿನ ತಾಯಿ ಮಗಳು ಹಿತ್ತಲಲ್ಲೇ ಕೂತರು.

ಮೂರನೆಯ ದಿನ ಕಟ್ಟೆಯ ಮೇಲೆ ಎರಡು ಗರಿ ಇದ್ದವು. ಒಂದು ಮಗಳದು. ಇನ್ನೊಂದು ಹೊಚ್ಚ ಹೊಸದು, ಅದರಲ್ಲಿ ಒಂದು ಸಾಲಿಗೂ ಇನ್ನೂ ಮಸಿ ತೀಡಿರಲಿಲ್ಲ. ಬರೆಯುವಯ್ಯ ಅದನ್ನು ಎತ್ತಿ ಹಿಡಿದು ಹೇಳಿದ: "ಇದು ಮಸಿಯವ್ವನಿಗೆ ಎರಡನೆಯ ಗರಿ. ಈ ಊರಲ್ಲಿ ಇದುವರೆಗೆ ಯಾರಿಗೂ ಬರೆದಿದ್ದಿಲ್ಲ. ಕೆಲಸಕ್ಕೆ ದ್ರೋಹ ಮಾಡಿದವಳು ಇನ್ನು ಮಸಿ ಮುಟ್ಟುವ ಹಾಗಿಲ್ಲ, ಮಗಳೇ ತೀಡಬೇಕು, ಇಲ್ಲೇ, ಎಲ್ಲರ ಮುಂದೆ." ಅವನು ಮಗಳ ಕಡೆ ಬಾಗಿ ದನಿ ಮೆತ್ತಗೆ ಮಾಡಿದ. "ನಾನು ಕಟುಕನಲ್ಲ ಮಗಳೇ. ಎರಡಕ್ಕೂ ಏಳನೆಯ ಸಾಲು ಒಂದೇ. ಬಾವಿಗೆ ಒಬ್ಬಳು ಸಾಕು. ಒಂದು ಗರಿಗೆ ಪೂರ್ತಿ ತೀಡು, ಇನ್ನೊಂದರ ಕೊನೆಯ ಸಾಲನ್ನು ನಿನ್ನವ್ವ ಬಿಟ್ಟ ಹಾಗೆ ಬಿಟ್ಟುಬಿಡು. ಯಾವುದು ಅಂತ ನೀನೇ ನೋಡು."

ಜನರ ನಡುವೆ ಅಳು ಆಗಲೇ ಶುರುವಾಗಿತ್ತು. ತಾಯಿಗಾಗಿ ಮಗಳು ಹೋದರೂ ಸೈ, ಮಗಳಿಗಾಗಿ ತಾಯಿ ಹೋದರೂ ಸೈ, ಇಂಥ ಗರಿ ಹಿಂದೆ ಬಂದಿಲ್ಲ ಎಂಬುದು ಬರೆಯುವಯ್ಯನ ಮುಖದ ಮೇಲೆಯೇ ಬರೆದಿತ್ತು.

ಮಸಿಯವ್ವನಿಗೆ ತಡೆಯಲಾಗಲಿಲ್ಲ. "ನಂದು ತೀಡವ್ವ! ನನ್ನ ಗರಿ ತೀಡು!" ಎಂದು ಕೂಗಿದಳು. ಜನ ಒಕ್ಕೊರಲಿನಿಂದ ಬಿಕ್ಕಿದರು. ಬರೆಯುವಯ್ಯ ಕಣ್ಣು ಮುಚ್ಚಿ ತಲೆದೂಗಿದ. ಆಗ ಅವಳಿಗೆ ತಿಳಿಯಿತು, ತಾನು ಕೂಗಿದ್ದೂ ಅವನು ಕಾದಿದ್ದ ಮಾತೇ.

ಮಗಳು ತಾಯಿಯ ಕಡೆ ನೋಡಲಿಲ್ಲ. ಮಸಿಯ ಬಟ್ಟಲು ಮುಂದೆ ಎಳೆದುಕೊಂಡಳು. ಮೊದಲು ತನ್ನ ಗರಿಗೆ ತೀಡಿದಳು, ಏಳನೆಯ ಸಾಲಿಗೂ ತೀಡಿದಳು. ಜನರ ಅಳು ಏರಿತು. ಆಮೇಲೆ ತಾಯಿಯ ಗರಿ ತೆಗೆದುಕೊಂಡು ಅದಕ್ಕೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತೀಡಿದಳು. ಅಳು ಗಲಿಬಿಲಿಯಾಯಿತು. ಮತ್ತೆ ಬಟ್ಟಲಿಗೆ ಕೈ ಅದ್ದಿ ಎರಡರ ಮೇಲೂ ಇನ್ನೊಂದು ಸಲ ತೀಡಿದಳು, ಅಂಚಿನಿಂದ ಅಂಚಿಗೆ, ದಪ್ಪಗೆ. ಆಮೇಲೆ ಗರಿಗಳನ್ನು ಬಿಸಿಲಿಗೆ ಇಟ್ಟು ಕೈ ಕಟ್ಟಿ ಕೂತಳು.

ಒರೆಸುವ ಬಟ್ಟೆ ಅವಳ ಮಗ್ಗುಲಲ್ಲೇ ಮಡಿಕೆಯಾಗಿ ಬಿದ್ದಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ಅಷ್ಟು ಜನರಲ್ಲಿ ಅದನ್ನು ಕಂಡವಳು ಮಸಿಯವ್ವ ಒಬ್ಬಳೇ. ಈಗ ಒರೆಸಬೇಕು, ಈಗಲೇ, ಇನ್ನೊಂದು ಗಳಿಗೆ ಕಳೆದರೆ ಹೋಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸಕ್ಕೆ ಅವಳ ಕೈ ತಾನಾಗಿ ಬಟ್ಟೆಯ ಕಡೆ ಚಾಚಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಬರೆಯುವಯ್ಯನಿಗೆ ಇದೂ ಕೆಲಸದ ಒಂದು ಭಾಗವೇ ಇರಬೇಕು ಅನ್ನಿಸಿತು. ಹುಡುಗಿ ಎರಡು ಗರಿಯ ನಡುವೆ ತೊಳಲಾಡುತ್ತಿದ್ದಾಳೆ ಎಂದುಕೊಂಡು ಅವನು ಕಣ್ಣೊರೆಸಿಕೊಂಡ. ಬಿಸಿಲು ಸುಡುತ್ತಿತ್ತು. ಮಸಿ ಮೊದಲು ಹೊಳೆಯಿತು, ಆಮೇಲೆ ಮಂಕಾಯಿತು, ಆಮೇಲೆ ಒಣಗಿತು.

"ಓದಿ ಅಯ್ಯಾ," ಎಂದಳು ಮಗಳು.

ಓದುವಯ್ಯ ಗರಿ ಎತ್ತಿಕೊಂಡ. ತವೆಯ ತಳದಂಥ ಕಪ್ಪು. ಇನ್ನೊಂದನ್ನು ಎತ್ತಿದ, ಅದೂ ಹಾಗೇ. "ಏನೂ ಕಾಣಲ್ಲವಲ್ಲ ತಾಯಿ!"

"ಎಲ್ಲಾ ಐತೆ ಅಯ್ಯಾ. ಏಳು ಸಾಲಿಗೂ ಮಸಿ ತೀಡಿವ್ನಿ. ಕಡಿಮೆಯಾಯ್ತು ಅಂತ ಈ ಸಲ ಯಾರೂ ಅನ್ನಂಗಿಲ್ಲ."

ಬರೆಯುವಯ್ಯ ಹಾರಿ ಬಂದು ಬಟ್ಟೆಯಿಂದ ಉಜ್ಜಿದ. ತನ್ನ ವಸ್ತ್ರದಿಂದ ಉಜ್ಜಿದ. ಎಂಜಲು ಹಚ್ಚಿ ಉಜ್ಜಿದ. ಗರಿ ಸೀಳಿತೇ ಹೊರತು ಮಸಿ ಬಿಡಲಿಲ್ಲ. "ಇರಲಿ, ನನಗೆ ನೆನಪಿದೆ, ಬಾಯಲ್ಲೇ ಹೇಳ್ತೀನಿ," ಎಂದು ಕಟ್ಟೆಯ ಮೇಲೆ ನಿಂತು ಕೂಗಿದ: "ಅವಳು ಬಾವಿಗೆ ಹೋಗಬೇಕು! ಅರಿಶಿನದ ಸೀರೆ ಉಡಿಸಿ! ಅವಳು ಬಾವಿಗೆ ಬೀಳಬೇಕು!"

ಗರಿಯಿಂದ ಓದುವಾಗ ಅದು ಹೀಗೆ ಕೇಳಿಸುತ್ತಿರಲಿಲ್ಲ. ಈಗ ಹಾಡುಹಗಲಲ್ಲಿ ಒಬ್ಬ ಗಂಡಸು, ಹದಿನೆಂಟರ ಹುಡುಗಿ ಸಾಯಲಿ ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ಅಷ್ಟೇ ಇತ್ತು ಅದರಲ್ಲಿ. ಅಳುತ್ತಿದ್ದವರು ನಿಲ್ಲಿಸಿದರು. ಯಾರೋ ವಸ್ತ್ರವನ್ನು ಮೆಲ್ಲಗೆ ಹೆಗಲಿಗೆ ಹಾಕಿಕೊಂಡರು.

"ಗರಿಯಿಂದ ಓದದ್ದು ಕಟ್ಟಳೆಯಲ್ಲ ಅಯ್ಯಾ. ಬರೀ ಮಾತು," ಎಂದ ಓದುವಯ್ಯ ನೆಲ ನೋಡುತ್ತ.

ಆಗ ಯಾರದೋ ತೊಡೆಯ ಮೇಲಿದ್ದ ಒಂದು ಹೆಣ್ಣುಮಗು ಕೇಳಿತು: "ಆಮೇಲೆ?"

ಅದರ ಬಾಯಿಯನ್ನು ಯಾರೂ ಮುಚ್ಚಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಿತ್ತು. ಆದರೆ ಕಟ್ಟೆಯ ಹಿಂದೆ ಬಾವಿಯ ಹೆಂಗಸರಿದ್ದರು. ಅವರಿಗೆ ಗರಿ ಕಾಣುತ್ತಿರಲಿಲ್ಲ. ಓದುವಯ್ಯನ ಮೆತ್ತಗಿನ ಮಾತು ಕೇಳಿಸಲಿಲ್ಲ. ಕೂಗು ಕೇಳಿತ್ತು, ಬಾವಿ ಎಂಬುದು ಕೇಳಿತ್ತು. ರೂಢಿ ಬಿದ್ದ ಕಾಲುಗಳು. ಅವರು ಕಟ್ಟೆಯ ಎರಡು ಬದಿಯಿಂದ ಬಂದು ಮಗಳ ಸುತ್ತ ಅರ್ಧಚಂದ್ರವಾಗಿ ನಿಂತರು, ಬಾವಿಯ ಕಡೆ ಮಾತ್ರ ಜಾಗ ಬಿಟ್ಟು. ಒಂದು ಹೆಜ್ಜೆ ಹತ್ತಿರ ಬಂದರು. ಇನ್ನೊಂದು ಹೆಜ್ಜೆ. ಊರು ನೋಡುತ್ತ ಕೂತಿತ್ತು, ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಮಗಳು ಮೊದಲ ಸಲ ತಿರುಗಿ ತಾಯಿಯನ್ನು ನೋಡಿದಳು.

"ಅವ್ವಾ," ಎಂದಳು.

ಮಸಿಯವ್ವ ಬಟ್ಟಲಿಗೆ ಎರಡೂ ಕೈ ಅದ್ದಿದಳು, ಮಣಿಕಟ್ಟಿನವರೆಗೆ. ಆ ಹೆಂಗಸರ ನಡುವೆ ನುಗ್ಗಿ ಹಿರಿಯಕ್ಕನ ಎದುರು ನಿಂತಳು. ಅವಳ ಮುಂಗೈ ಮೇಲಿದ್ದ ಅರಿಶಿನದ ಸೀರೆಯ ಸೆರಗು ಹಿಡಿದು ಕೈ ಒರೆಸಿದಳು. ಅವಸರವಿಲ್ಲದೆ, ಒಂದೊಂದೇ ಬೆರಳು, ಇಷ್ಟು ವರ್ಷ ಗರಿಗಳನ್ನು ಒರೆಸಿದ ಹಾಗೆ. ಹೆಂಗಸರು ಹೌಹಾರಿ ಹಿಂದೆ ಸರಿದರು.

"ಅರಿಶಿನದ ಸೀರೆ ಕಣೆ! ಕೆಡಿಸಿಬಿಟ್ಟೆಯಲ್ಲೇ!" ಎಂದಳು ಹಿರಿಯಕ್ಕ. ಆಮೇಲೆ ಕಲೆಯನ್ನು ಮಡಿಕೆಯೊಳಗೆ ಮುಚ್ಚುತ್ತ, ಸಿಟ್ಟಿಲ್ಲದೆ, ಮನೆಗೆಲಸದ ಮಾತಿನ ಹಾಗೆ ಹೇಳಿದಳು: "ಇನ್ನೊಂದು ಸೀರೆಗೆ ಅರಿಶಿನ ಅದ್ದಕ್ಕೆ ಎಷ್ಟು ಹೊತ್ತು? ನಾಳೆಗೆ ಒಣಗತೈತೆ."

ಮಸಿಯವ್ವ ಹೋಗಿ, ಅವರು ಬಾವಿಯ ಕಡೆ ಬಿಟ್ಟಿದ್ದ ಆ ಜಾಗದಲ್ಲಿ ನಿಂತಳು, ಬಾವಿಗೆ ಬೆನ್ನು ಮಾಡಿ, ಮಗಳಿಗೆ ಎದುರಾಗಿ.

"ಅದ್ದು," ಎಂದಳು ಹಿರಿಯಕ್ಕನಿಗೆ. "ನಾನು ಇಲ್ಲೇ ಇರ್ತೀನಿ. ಈ ಸಲ ಕೈ ತೊಳ್ಕೊಳಾಕೆ ಹೋಗಲ್ಲ."